ವುಲ್ಫಿಲಾ ಪ್ರಾಜೆಕ್ಟ್: ಗೋಥಿಕ್ ಪಠ್ಯವನ್ನೇ ಮುಂದಿಟ್ಟುಕೊಂಡು ವಾದಿಸುವವರಿಗೆ

ಇಂಗ್ಲಿಷ್, ಜರ್ಮನ್, ಸ್ವೀಡಿಷ್‌ಗಳನ್ನೊಳಗೊಂಡ ಜರ್ಮಾನಿಕ್ ಭಾಷೆಗಳು ಹೇಗೆ ಕವಲೊಡೆದವು ಎಂದು ವಾದಕ್ಕಿಳಿಯುವವರು ಮೊದಲು ತೆರೆಯಬೇಕಾದ ತಾಣ ಆಂಟ್ವೆರ್ಪ್ ವಿಶ್ವವಿದ್ಯಾಲಯದ ವುಲ್ಫಿಲಾ ಪ್ರಾಜೆಕ್ಟ್. ಗೋಥರ ಭಾಷೆಯಾದ ಗೋಥಿಕ್ ಈ ಕುಟುಂಬದ ಪೂರ್ವ ಶಾಖೆಯ, ಈಗ ಅಳಿದುಹೋದ ಭಾಷೆ. ನಾಲ್ಕನೇ ಶತಮಾನದ ಬಿಷಪ್ ವುಲ್ಫಿಲಾನ ಹೆಸರಿನಲ್ಲಿರುವ ಗೋಥಿಕ್ ಬೈಬಲ್ ಅನುವಾದದ ಉಳಿದ ಭಾಗಗಳು ಇಲ್ಲಿ ಉಚಿತವಾಗಿ ಸಿಗುತ್ತವೆ. ಪಠ್ಯಕ್ಕೆ ಆಧಾರ ಇಪ್ಪತ್ತನೇ ಶತಮಾನದ ಆರಂಭದ ಜರ್ಮನ್ ವಿದ್ವಾಂಸ ಸ್ಟ್ರೈಟ್‌ಬೆರ್ಗ್ ಅವರ ಆವೃತ್ತಿ. ಪ್ರತಿ ಪದಕ್ಕೂ ಮೂಲರೂಪ, ವಿಭಕ್ತಿ, ವಚನ, ಕಾಲಗಳ ವಿವರ ಅಂಟಿಸಿದ್ದಾರೆ. ಇದರ ಉಪಯೋಗ ದೊಡ್ಡದು.

ಒಂದು ಪದ ಹಿಡಿದು ನೋಡಿ. ಮಾರ್ಕನ ಸುವಾರ್ತೆ 1:16ರಲ್ಲಿ ‘ವೇಸುನ್ ಔಕ್ ಫಿಸ್ಕ್ಯನ್ಸ್’ ಎಂದಿದೆ. ‘ಅವರು ಬೆಸ್ತರಾಗಿದ್ದರು’ ಎಂದರ್ಥ. ಈ ‘ವೇಸುನ್’ (ಇದ್ದರು) ಉತ್ತರ ಶಾಖೆಯ ಹಳೆಯ ನಾರ್ಸ್‌ನಲ್ಲಿ ‘ವಾರು’, ಪಶ್ಚಿಮ ಶಾಖೆಯ ಹಳೆಯ ಹೈ ಜರ್ಮನ್‌ನಲ್ಲಿ ‘ವಾರುನ್’. ಏಕಾರ ಆಕಾರವಾದದ್ದು ಉತ್ತರ, ಪಶ್ಚಿಮ ಎರಡೂ ಶಾಖೆಗಳಲ್ಲಿ; ಗೋಥಿಕ್‌ನಲ್ಲಿ ಮಾತ್ರ ಇಲ್ಲ. ಗೋಥರು ಬೇರೆಯಾದ ಮೇಲೂ ಉಳಿದವರು ಒಟ್ಟಿಗಿದ್ದರು ಎನ್ನುವ ಭಾಷಾವಿದ್ವಾಂಸ ಹಾನ್ಸ್ ಕೂನ್ ಪಕ್ಷಕ್ಕೆ ಇದು ಗಟ್ಟಿ ಆಧಾರ.

ಇನ್ನು ಯೋಹಾನ 8:17ರ ‘ತ್ವದ್ದ್ಯೇ’, ಅಂದರೆ ‘ಇಬ್ಬರ’. ನಾರ್ಸ್‌ನಲ್ಲಿ ಅದು ‘ತ್ವೆಗ್ಗ್ಯಾ’. ಯಕಾರದ ಜಾಗದಲ್ಲಿ ಒತ್ತು ವ್ಯಂಜನ ಹುಟ್ಟಿದ್ದು ಈ ಎರಡರಲ್ಲೇ, ಪಶ್ಚಿಮದಲ್ಲಿಲ್ಲ. ಗೋಥಿಕ್-ನಾರ್ಸ್ ನಂಟು ಹೇಳಿದ ಇನ್ನೊಬ್ಬ ವಿದ್ವಾಂಸ ಎರ್ನ್ಸ್ಟ್ ಶ್ವಾರ್ಟ್ಸ್ ಪಕ್ಷದವರು ಹಿಡಿಯುವುದು ಇಂಥದ್ದನ್ನೇ. ನನ್ನ ತೂಕ ಕೂನ್ ಕಡೆಗೇ. ಉತ್ತರ, ಪಶ್ಚಿಮ ಶಾಖೆಗಳು ಹಂಚಿಕೊಂಡ ಹೊಸ ಬದಲಾವಣೆಗಳು ಹೆಚ್ಚು, ಗೋಥಿಕ್-ನಾರ್ಸ್ ವಾದದಲ್ಲಿ ಈ ಒಂದೇ ಬದಲಾವಣೆಯ ಮೇಲೆ ಬಹಳ ಭಾರ ಬೀಳುತ್ತದೆ. ಎಣಿಸಬೇಕಾದ್ದು ಹೊಸ ಬದಲಾವಣೆಗಳನ್ನೇ; ಹಳೆಯ ರೂಪವನ್ನು ಎರಡು ಭಾಷೆಗಳೂ ಉಳಿಸಿಕೊಂಡರೆ ಅದು ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಚರ್ಚೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಬಳಸುವಾಗ ಮೂರು ಎಚ್ಚರ ಬೇಕು. ಬರೆದಂತೆ ಓದಬೇಡಿ: ಎರಡು ಗಕಾರ ಕೂಡಿದರೆ ಸಾಮಾನ್ಯವಾಗಿ ‘ಂಗ’, ‘ಎಇ’ ಎಂಬುದು ದೀರ್ಘ ಈಕಾರ. ಒಂದೇ ರೂಪ ಎರಡು ವಿಭಕ್ತಿಗೂ ಹೊಂದುವ ಕಡೆ ವಿವರಣೆಯನ್ನು ಹಾಗೇ ನಂಬದೆ ಪಕ್ಕದ ಗ್ರೀಕ್ ಪಠ್ಯದೊಂದಿಗೆ ತಾಳೆ ನೋಡಿ. ಪದಕ್ರಮದ ಮೇಲಂತೂ ಯಾವ ಸಿದ್ಧಾಂತವನ್ನೂ ಕಟ್ಟಬೇಡಿ. ಅನುವಾದ ಗ್ರೀಕ್ ಕ್ರಮವನ್ನು ಬಹಳ ನಿಷ್ಠೆಯಿಂದ ಅನುಸರಿಸುತ್ತದೆ. ಗ್ರೀಕ್‌ನಿಂದ ಬೇರೆಯಾದ ಸಾಲುಗಳಿಗೆ ಮಾತ್ರ ಆ ವಿಷಯದಲ್ಲಿ ಬೆಲೆ.

ಜರ್ಮಾನಿಕ್ ಮೊದಲು ಎಲ್ಲಿತ್ತು ಎಂಬ ಮೂಲನೆಲೆಯ ಪ್ರಶ್ನೆಗೆ ಈ ತಾಣ ಉತ್ತರ ಕೊಡದು, ಏಕೆಂದರೆ ಗೋಥಿಕ್ಕೇ ಎಲ್ಲ ಶಾಖೆಗಳ ತಾಯಿಯಾದ ಮೂಲ ಜರ್ಮಾನಿಕ್ ಅಲ್ಲ. ಫಿನ್ನಿಶ್ ಭಾಷೆ ಜರ್ಮಾನಿಕ್‌ನಿಂದ ಎರವಲು ಪಡೆದ ‘ಕುನಿಂಗಸ್’ (ರಾಜ) ಪದದಲ್ಲಿ ಗೋಥಿಕ್‌ಗಿಂತ ಹಳೆಯ ‘-ಅಸ್’ ಅಂತ್ಯ ಉಳಿದಿದೆ. ಗೋಥಿಕ್ ಬೈಬಲ್‌ನಲ್ಲಿ ಆ ಪದವೇ ಇಲ್ಲ, ರಾಜನಿಗೆ ‘ಥಿಯುದನ್ಸ್’ ಎನ್ನುತ್ತಾರೆ. ಡೆನ್ಮಾರ್ಕಿನ ವಿಮೋಸ್ ಬಾಚಣಿಗೆಯ ಮೇಲಿನ, ಸುಮಾರು ಕ್ರಿ.ಶ. 160ರ ‘ಹರ್ಯ’ ಎಂಬ ರೂನ್ (ಹಳೆಯ ಜರ್ಮಾನಿಕ್ ಲಿಪಿ) ಬರಹವೂ ಈ ತಾಣದ ವ್ಯಾಪ್ತಿಗೆ ಹೊರಗು. 2009ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಸಿಕ್ಕ ಗೋಥಿಕ್ ಹಾಳೆ ಸ್ಟ್ರೈಟ್‌ಬೆರ್ಗ್ ಕಾಲದ ಪಠ್ಯದಲ್ಲಿ ಇರಲು ಸಾಧ್ಯವಿಲ್ಲ. ‘ಈ ಪದ ಗೋಥಿಕ್‌ನಲ್ಲೇ ಇಲ್ಲ’ ಎಂದು ಬರೆಯುವ ಮುನ್ನ ಆ ಹಾಳೆಯ ಪಠ್ಯವನ್ನು ಬೇರೆಯಾಗಿ ತೆರೆದು ನೋಡಿ.