ಏಳನೇ ಸೀಸನ್ನಿಗೆ ಮೊದಲು ‘ಲೈನ್ ಆಫ್ ಡ್ಯೂಟಿ’: ಎಲ್ಲವನ್ನೂ ಮತ್ತೆ ನೋಡಬೇಕೇ, ರೀಕ್ಯಾಪ್ ಸಾಕೇ?

ಪೊಲೀಸರೊಳಗಿನ ಭ್ರಷ್ಟರನ್ನು ಹಿಡಿಯುವ ಎಸಿ-12 ಘಟಕದ ಕಥೆ ಹೇಳುವ ಬಿಬಿಸಿ ಧಾರಾವಾಹಿ ‘ಲೈನ್ ಆಫ್ ಡ್ಯೂಟಿ’ಯ ಆರನೇ ಸೀಸನ್ ಮುಗಿದದ್ದು 2021ರ ಮೇ 2ರಂದು. ಆ ರಾತ್ರಿ ಬ್ರಿಟನ್ನಿನಲ್ಲಿ ಸುಮಾರು 1.28 ಕೋಟಿ ಜನ ಅದನ್ನು ನೋಡಿದರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಬರೀ ಊಹಾಪೋಹ. 2025ರ ನವೆಂಬರ್‌ನಲ್ಲಿ ಬಿಬಿಸಿ ಏಳನೇ ಸೀಸನ್ ಘೋಷಿಸಿತು: ಆರು ಎಪಿಸೋಡ್, ಎಸಿ-12ರ ಮುಖ್ಯ ಅಧಿಕಾರಿಗಳಾದ ಸ್ಟೀವ್, ಕೇಟ್, ಹೇಸ್ಟಿಂಗ್ಸ್ ಮೂವರೂ ವಾಪಸ್. ಖುಷಿಯ ಬೆನ್ನಿಗೇ ಒಂದು ಪ್ರಶ್ನೆ ಬಂತು. ಹಿಂದಿನ 36 ಎಪಿಸೋಡಿನ ಹೆಸರು, ಹುದ್ದೆ, ಸಾವು, ಸುಳ್ಳುಗಳನ್ನೆಲ್ಲ ಮತ್ತೆ ತಲೆಗೆ ತಂದುಕೊಳ್ಳುವುದು ಹೇಗೆ?

ದಾರಿ ನಾಲ್ಕಿವೆ. ಮೊದಲಿಂದ ಕೊನೆಯವರೆಗೆ ಮತ್ತೆ ನೋಡುವುದು, ಹಿಂದಿನ ಕಥೆಯನ್ನು ಚುಟುಕಾಗಿ ಹೇಳುವ ರೀಕ್ಯಾಪ್ ವಿಡಿಯೊ ನೋಡುವುದು, ಎಪಿಸೋಡ್ ಸಾರಾಂಶ ಓದುವುದು, ಆಯ್ದ ಎಪಿಸೋಡ್ ಮಾತ್ರ ನೋಡಿ ಪಕ್ಕದಲ್ಲಿ ಒಂದು ಹಾಳೆ ಟಿಪ್ಪಣಿ ಇಟ್ಟುಕೊಳ್ಳುವುದು. ನಾಲ್ಕನ್ನೂ ಮಾಡಿ ನೋಡಿದ ಮೇಲೆ ನನ್ನ ಮತ ಕೊನೆಯದಕ್ಕೆ, ಅದರಲ್ಲಿ ಅನುಮಾನವಿಲ್ಲ. ಯಾಕೆ ಅಂತ ಹೇಳಲು ಆರೂ ಸೀಸನ್ನಿನ ಗುಟ್ಟು ಬಿಚ್ಚಲೇಬೇಕು. ಪೂರ್ತಿ ನೋಡಿ ಮುಗಿಸದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಪೂರ್ತಿ ಮರುವೀಕ್ಷಣೆಯ ಲೆಕ್ಕ ಸರಳ. ಮೊದಲ ಸೀಸನ್ನಿನಲ್ಲಿ 5, ಎರಡರಿಂದ ಐದರವರೆಗೆ ತಲಾ 6, ಆರರಲ್ಲಿ 7. ಒಂದೊಂದೂ ಸುಮಾರು ಒಂದು ಗಂಟೆ. ಮೂರನೇ ಸೀಸನ್ನಿನ ಕೊನೆಯದು ಒಂದೂವರೆ ಗಂಟೆ. ವಾರಕ್ಕೆ ಐದು ರಾತ್ರಿ, ರಾತ್ರಿಗೊಂದು ಎಂದರೂ ಏಳು ವಾರ ದಾಟುತ್ತದೆ. ಸಮಯ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಈ ಧಾರಾವಾಹಿ ಅಡುಗೆ ಮಾಡುತ್ತಲೋ ಬಟ್ಟೆ ಮಡಚುತ್ತಲೋ ನೋಡುವಂಥದ್ದಲ್ಲ. ಇದರ ಜೀವ ಇರುವುದೇ ಗಾಜಿನ ಕೋಣೆಯ ವಿಚಾರಣೆಗಳಲ್ಲಿ. ರೆಕಾರ್ಡರ್ ‘ಬೀಂ...’ ಎಂದು ಉದ್ದಕ್ಕೆ ಕೂಗಿ ನಿಂತ ಮೇಲೆ ಮೇಜಿನ ಆಚೀಚೆ ಕೂತವರು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಆರೋಪಿ ಅಧಿಕಾರಿಯನ್ನು ಪ್ರಶ್ನಿಸುವವರು ಆತನಿಗಿಂತ ಕನಿಷ್ಠ ಒಂದು ಹುದ್ದೆ ಮೇಲಿರಬೇಕು ಎಂಬ ಆ ಪ್ರಸಿದ್ಧ ಹಕ್ಕಿನ ಮಾತೂ ಅಲ್ಲೇ ಬರುವುದು. ಒಂದು ಫೈಲಿನ ಪುಟಸಂಖ್ಯೆ ಕಿವಿಗೆ ತಪ್ಪಿದರೂ ಮುಂದಿನ ಪ್ರಶ್ನೆ ಯಾಕೆ ಬಂತೆಂದು ತಿಳಿಯುವುದಿಲ್ಲ.

ಹಾಗಾಗಿ ಪೂರ್ತಿ ನೋಡಲು ಹೊರಟವರು ಸಾಮಾನ್ಯವಾಗಿ ಸೋಲುವುದು ನಾಲ್ಕನೇ ಸೀಸನ್ನಿನ ಸುತ್ತ. ಮೊದಲ ಮೂರನ್ನು ಪ್ರೀತಿಯಿಂದ ನೋಡಿರುತ್ತಾರೆ, ಆಮೇಲೆ ದಿನಾಂಕ ಹತ್ತಿರ ಬಂದು ಐದು, ಆರನ್ನು ಓಡಿಸುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಏಳಕ್ಕೆ ನೇರವಾಗಿ ತಗುಲಿಕೊಂಡಿರುವುದು ಆ ಎರಡೇ. ಇದೇ ದಾರಿ ಬೇಕೆನ್ನುವವರು ಆರನೇ ಸೀಸನ್ ಮೊದಲು ನೋಡಿ, ಆಮೇಲೆ ಒಂದರಿಂದ ಶುರು ಮಾಡಲಿ. ನಡುವೆ ನಿಂತರೂ ನಷ್ಟ ಕಡಿಮೆ.

ಇನ್ನು ರೀಕ್ಯಾಪ್ ವಿಡಿಯೊ. ಅರ್ಧ ಗಂಟೆಯಲ್ಲಿ ಆರೂ ಸೀಸನ್. ಕೇಳಲು ಹಿತವಾಗಿದೆ. ನನಗೆ ತೀರಾ ಕಿರಿಕಿರಿ ಕೊಟ್ಟದ್ದೂ ಇದೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು.

ರೀಕ್ಯಾಪ್ ಮಾಡುವವರು ಪ್ರತಿ ಸೀಸನ್ನನ್ನೂ ಅದರ ‘ಅತಿಥಿ’ ಅಧಿಕಾರಿಯ ಮೇಲೆ ನಿಲ್ಲಿಸುತ್ತಾರೆ. ಒಂದರಲ್ಲಿ ಟೋನಿ ಗೇಟ್ಸ್, ಎರಡರಲ್ಲಿ ಲಿಂಡ್ಸೆ ಡೆಂಟನ್, ಮೂರರಲ್ಲಿ ಡ್ಯಾನಿ ವಾಲ್ಡ್ರನ್, ನಾಲ್ಕರಲ್ಲಿ ರಾಝ್ ಹಂಟ್ಲಿ, ಐದರಲ್ಲಿ ಜಾನ್ ಕಾರ್ಬೆಟ್, ಆರರಲ್ಲಿ ಜೋ ಡೇವಿಡ್ಸನ್. ಕೇಸು ಶುರು, ತಿರುವು, ಅಂತ್ಯ, ಮುಂದಿನದು. ಚಿತ್ರ ಅಚ್ಚುಕಟ್ಟು. ಆದರೆ ಈ ಅತಿಥಿಗಳಲ್ಲಿ ಹೆಚ್ಚಿನವರ ಕಥೆ ಆಯಾ ಸೀಸನ್ನಿಗೇ ಮುಗಿದುಹೋಗುತ್ತದೆ. ವರ್ಷಗಳ ನಂತರ ತಿರುಗಿ ಬಂದು ಹೊಡೆಯುವವರು ಅಂಚಿನಲ್ಲಿ ನಿಂತಿದ್ದವರು. ರೀಕ್ಯಾಪಿನಲ್ಲಿ ಕತ್ತರಿ ಬೀಳುವುದು ಸರಿಯಾಗಿ ಅವರಿಗೇ.

ರಯಾನ್ ಪಿಲ್ಕಿಂಗ್ಟನ್‌ನನ್ನು ತೆಗೆದುಕೊಳ್ಳಿ. 2012ರ ಮೊದಲ ಸೀಸನ್ನಿನಲ್ಲಿ ಅವನು ಸೈಕಲ್ ಮೇಲೆ ಅಪರಾಧಿ ಗ್ಯಾಂಗಿನ ಕೆಲಸ ಮಾಡಿಕೊಂಡಿದ್ದ ಪುಟ್ಟ ಹುಡುಗ. ಸೀಸನ್ ಮುಗಿಯುವ ಹೊತ್ತಿಗೆ ಕತ್ತರಿಸುವ ಉಪಕರಣ ಹಿಡಿದು ಸ್ಟೀವ್‌ನ ಬೆರಳಿಗೆ ಕೈ ಹಾಕುತ್ತಾನೆ. 2019ರ ಐದನೇ ಸೀಸನ್ನಿನಲ್ಲಿ ಅದೇ ನಟ, ಬೆಳೆದ ಯುವಕನಾಗಿ, ಅದೇ ಗ್ಯಾಂಗಿನಲ್ಲಿ. ಆ ಸೀಸನ್ನಿನ ಕೊನೆಗೆ ಪೊಲೀಸ್ ತರಬೇತಿಗೆ ಸೇರಿರುತ್ತಾನೆ. ಆರರಲ್ಲಿ ಸಮವಸ್ತ್ರ ಹಾಕಿಕೊಂಡು ಜೋ ಡೇವಿಡ್ಸನ್ ತಂಡದೊಳಗೇ ಬಂದು ನಿಲ್ಲುತ್ತಾನೆ. ಆ ಮುಖ ನೆನಪಿದ್ದವರಿಗೆ ಆರನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲೇ ಎದೆ ಧಸಕ್ಕೆಂದಿತು, ನೆನಪಿಲ್ಲದವರಿಗೆ ಅವನು ಯಾರೋ ಒಬ್ಬ ಕಾನ್‌ಸ್ಟೆಬಲ್. ಗ್ಯಾಂಗ್ ಬಳಸಿಕೊಳ್ಳುವ ಅಮಾಯಕ ಟೆರ್ರಿ ಬಾಯ್ಲ್ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಆ ಪಾತ್ರ ಒಂದು, ಐದು, ಆರರಲ್ಲಿ ಬರುತ್ತದೆ, ಆದರೆ ಒಂದರ ನಟನೇ ಬೇರೆ. ಮುಖ ನಂಬಿಕೊಂಡರೆ ಕೊಂಡಿ ತಪ್ಪುತ್ತದೆ, ಹೆಸರೇ ಗೊತ್ತಿರಬೇಕು.

ಫಿಲಿಪ್ ಆಸ್ಬೋರ್ನ್ ಅಂತೂ ರೀಕ್ಯಾಪ್‌ಗಳಲ್ಲಿ ಕಾಣೆಯಾಗುವವರ ಪಟ್ಟಿಯಲ್ಲಿ ಮೊದಲಿಗ. ಮೊಟ್ಟಮೊದಲ ಎಪಿಸೋಡು ತೆರೆದುಕೊಳ್ಳುವುದೇ ಭಯೋತ್ಪಾದನೆ ನಿಗ್ರಹ ದಳದ ದಾಳಿಯೊಂದಿಗೆ. ಬಾಗಿಲ ಮೇಲಿನ ಅಂಕಿಗಳಲ್ಲಿ 9 ತಲೆಕೆಳಗಾಗಿ 6 ಆಗಿರುತ್ತದೆ. ಪೊಲೀಸರು ತಪ್ಪು ಮನೆಗೆ ನುಗ್ಗಿ ಒಬ್ಬ ಅಮಾಯಕನನ್ನು ಕೊಲ್ಲುತ್ತಾರೆ. ಎಲ್ಲರೂ ಒಂದೇ ಸುಳ್ಳು ಹೇಳಬೇಕೆಂದು ತಂಡವನ್ನು ಒತ್ತಾಯಿಸುವ ಮೇಲಧಿಕಾರಿಯೇ ಆಸ್ಬೋರ್ನ್. ಒಪ್ಪದ ಸ್ಟೀವ್ ಎಸಿ-12ಕ್ಕೆ ಬರುವುದು ಆ ಕಾರಣಕ್ಕೇ. ಒಂಬತ್ತು ವರ್ಷದ ನಂತರ, ಆರನೇ ಸೀಸನ್ನಿನಲ್ಲಿ, ಅದೇ ಆಸ್ಬೋರ್ನ್ ಇಡೀ ಪಡೆಯ ಚೀಫ್ ಕಾನ್‌ಸ್ಟೆಬಲ್. ಭ್ರಷ್ಟಾಚಾರ ಸಾಂಸ್ಥಿಕವಲ್ಲ ಎಂದು ಸಾಧಿಸುವವನೂ ಅವನೇ. ರೀಕ್ಯಾಪಿನಲ್ಲಿ ಆ ದಾಳಿಗೆ ಸಿಗುವುದು ‘ಸ್ಟೀವ್ ಹೊಸ ಇಲಾಖೆ ಸೇರುತ್ತಾನೆ’ ಎಂಬ ಒಂದು ವಾಕ್ಯ. ಏಳರ ಬಗ್ಗೆ ಕಾಯುತ್ತಿರುವವರಿಗೆ ಬಾಕಿ ಉಳಿದಿರುವ ದೊಡ್ಡ ಲೆಕ್ಕ ಅದೇ ಆಗಿರುವಾಗ!

ಎರಡನೆಯ ಕೊರತೆ, ಬರೆದ ಸಾಕ್ಷ್ಯ. ಮೂರನೇ ಸೀಸನ್ನಿನ ಕೊನೆಯಲ್ಲಿ ಸಾಯುತ್ತಿರುವ ಡಾಟ್ ಕಾಟನ್, ಎಸಿ-12ರಲ್ಲೇ ಇದ್ದು ಗ್ಯಾಂಗಿಗೆ ದುಡಿದವನು, ಪೊಲೀಸರೊಳಗಿರುವ ಗ್ಯಾಂಗಿನ ದೊಡ್ಡ ಕೈಯ ಬಗ್ಗೆ ಕೊಡುವ ಸುಳಿವು ‘ಎಚ್’. ಐದನೇ ಸೀಸನ್ನಿನ ಕೊನೆಯಲ್ಲಿ ಅದೇ ವಿಡಿಯೊ ಮತ್ತೆ ನೋಡುವಾಗ ಅವನ ಬೆರಳು ನಾಲ್ಕು ಸಲ ತಟ್ಟುತ್ತಿರುವುದು ಕಾಣುತ್ತದೆ. ಮೋರ್ಸ್ ಸಂಕೇತದಲ್ಲಿ ನಾಲ್ಕು ಚುಕ್ಕಿ ಎಂದರೆ ‘ಎಚ್’. ಅಂದರೆ ಹುಡುಕಬೇಕಾದದ್ದು ಒಬ್ಬನನ್ನಲ್ಲ, ನಾಲ್ವರನ್ನು. ಕೊನೆಯವನು ಸಿಕ್ಕಿಬೀಳುವುದು ಒಂದು ಕಾಗುಣಿತದ ತಪ್ಪಿನಿಂದ: ‘ಡೆಫಿನೆಟ್ಲಿ’ ಎಂಬ ಇಂಗ್ಲಿಷ್ ಪದದ ನಡುವಿನ ‘ಐ’ ಅಕ್ಷರದ ಜಾಗದಲ್ಲಿ ‘ಎ’. ಗ್ಯಾಂಗಿನ ಸಂದೇಶಗಳಲ್ಲಿ ಇದ್ದ ಆ ತಪ್ಪೇ ಪೊಲೀಸ್ ಅಧಿಕಾರಿ ಬಕಲ್ಸ್ ಬರೆದ ಕಡತಗಳಲ್ಲೂ ಇತ್ತು. ಇಂಥದ್ದನ್ನು ಪರದೆಯ ಮೇಲೆ ಓದಿಯೇ ಹಿಡಿಯಬೇಕು. ಹಿನ್ನೆಲೆ ಧ್ವನಿಯಲ್ಲಿ ಯಾರೋ ಹೇಳಿದರೆ ಅದು ಬರೀ ಮಾಹಿತಿ, ನಾವೇ ಕಂಡುಕೊಂಡ ಆ ಮೈನವಿರು ಇರುವುದಿಲ್ಲ.

ಮೂರನೆಯದು ಶಿಫಾರಸಿನ ಕಾಟ. ಒಂದು ರೀಕ್ಯಾಪ್ ನೋಡಿದರೆ ಸಾಕು, ಮರುದಿನದಿಂದ ಥಿಯರಿ, ಸೋರಿಕೆ, ಚಿತ್ರೀಕರಣದ ಫೋಟೊ, ‘ಇವರು ಸಾಯುತ್ತಾರಾ’ ಎಂಬ ಥಂಬ್‌ನೇಲ್ ಸಾಲುಗಟ್ಟುತ್ತವೆ. ವಿಡಿಯೊ ತೆರೆಯದಿದ್ದರೂ ಥಂಬ್‌ನೇಲೇ ಕಥೆ ಹೇಳಿಬಿಡುತ್ತದೆ. ರೀಕ್ಯಾಪ್ ನೋಡಲೇಬೇಕಿದ್ದರೆ ಖಾಸಗಿ ವಿಂಡೊದಲ್ಲಿ, ಲಾಗಿನ್ ಆಗದೆ ನೋಡಿ. ಆಗಲೇ ನೋಡಿಬಿಟ್ಟಿದ್ದರೆ ವೀಕ್ಷಣಾ ಇತಿಹಾಸದಿಂದ ಆ ವಿಡಿಯೊ ಅಳಿಸಿ, ಹುಡುಕಾಟದ ಇತಿಹಾಸದಿಂದಲೂ ತೆಗೆಯಿರಿ. ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟರೆ ಶಿಫಾರಸು ನಿಲ್ಲುವುದಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಧಾರಾವಾಹಿಯ ಹೆಸರಿನ ಜೊತೆ ಪಾತ್ರಗಳ ಹೆಸರನ್ನೂ ಮ್ಯೂಟ್ ಪಟ್ಟಿಗೆ ಸೇರಿಸಿ. ಸ್ಪಾಯ್ಲರ್ ಹಾಕುವವರು ಧಾರಾವಾಹಿಯ ಹೆಸರನ್ನೇ ಬರೆಯುವುದು ಕಡಿಮೆ, ‘ಹೇಸ್ಟಿಂಗ್ಸ್’ ಅಂತಲೇ ಶುರು ಮಾಡುತ್ತಾರೆ.

ಎಪಿಸೋಡ್ ಸಾರಾಂಶ ಓದುವುದು ಅಗ್ಗ, ವೇಗ, ನೀರಸ. ಅನುಮಾನ ಬಂದಾಗ ಒಂದು ಹೆಸರು ಹುಡುಕಲು ಚೆನ್ನ, ಅದಕ್ಕಿಂತ ಹೆಚ್ಚಿಗೆ ಬೇಡ.

ಈಗ ನನ್ನ ಆಯ್ಕೆಗೆ ಬರೋಣ. 36ರಲ್ಲಿ ಸರಿಯಾಗಿ ಅರ್ಧ, 18 ಎಪಿಸೋಡ್. ಮೊದಲ ಸೀಸನ್ನಿನಿಂದ 1, 4, 5: ಆಸ್ಬೋರ್ನ್, ರಯಾನ್, ಡಾಟ್‌ನ ನಿಜರೂಪ ಇಲ್ಲಿವೆ. ಎರಡರಿಂದ 1 ಮತ್ತು 6, ಅಂದರೆ ಬೆಂಗಾವಲು ವಾಹನಗಳ ಮೇಲಿನ ದಾಳಿ ಮತ್ತು ಡೆಂಟನ್ ವಿಷಯದ ಸತ್ಯ. ಮೂರರಿಂದ 1, 5, 6. ಐದು, ಆರನ್ನು ಒಂದೇ ಕೂರಿಕೆಯಲ್ಲಿ ನೋಡಿ, ನಡುವೆ ರಾತ್ರಿ ಬಿಡಬೇಡಿ. ನಾಲ್ಕರಿಂದ 1, 3, 6. ಸ್ಟೀವ್ ಮೆಟ್ಟಿಲಿನ ಮೇಲಿಂದ ಎಸೆಯಲ್ಪಡುವುದು ಈ ಸೀಸನ್ನಿನಲ್ಲಿ. ಆರರಲ್ಲಿ ಅವನನ್ನು ಕಾಡುವ ಬೆನ್ನುನೋವು, ನೋವಿನ ಮಾತ್ರೆಯ ಚಟ ಎರಡಕ್ಕೂ ಮೂಲ ಅದೇ. ಐದರಿಂದ 4, 5, 6, ಯಾಕೆಂದರೆ ಕಾರ್ಬೆಟ್‌ನ ಸಾವು, ಹೇಸ್ಟಿಂಗ್ಸ್‌ನನ್ನು ಕಾರ್ಮೈಕಲ್ ಎಂಬ ಅಧಿಕಾರಿ ವಿಚಾರಿಸುವುದು, ನಾಲ್ಕು ಚುಕ್ಕಿ ಒಂದರ ಹಿಂದೊಂದು ಬರುತ್ತವೆ. ಆರರಿಂದ 1, 5, 6, 7.

ಬಿಟ್ಟದ್ದರಲ್ಲಿ ಒಳ್ಳೆಯವಿಲ್ಲ ಎಂದಲ್ಲ. ಎರಡನೇ ಸೀಸನ್ನಿನ ನಡುವಿನ ನಾಲ್ಕನ್ನು ಬಿಡಲು ನಿಜಕ್ಕೂ ಮನಸ್ಸಾಗುವುದಿಲ್ಲ, ಡೆಂಟನ್ ಪಾತ್ರದಲ್ಲಿ ಕೀಲಿ ಹಾಸ್ ಅಷ್ಟು ಚೆನ್ನಾಗಿದ್ದಾರೆ. ಆದರೆ ನೋಡುವ ಉದ್ದೇಶ ಏಳಕ್ಕೆ ಸಿದ್ಧವಾಗುವುದಾದರೆ ಅವುಗಳಿಲ್ಲದೆಯೂ ದಾರ ಕಡಿಯುವುದಿಲ್ಲ.

ಟಿಪ್ಪಣಿಯ ಹಾಳೆಯನ್ನು ಅಡ್ಡಕ್ಕೆ ಇಟ್ಟು ನಾಲ್ಕು ಕಾಲಂ ಎಳೆಯಿರಿ: ಹೆಸರು, ಮೊದಲು ಕಂಡ ಸೀಸನ್, ಆಗಿನ ಹುದ್ದೆ, ಈಗಿನ ಸ್ಥಿತಿ. ಕೊನೆಯ ಕಾಲಂನಲ್ಲಿ ‘ಸತ್ತ’, ‘ಜೈಲು’, ‘ಸಾಕ್ಷಿ ರಕ್ಷಣೆ’, ‘ಕೆಲಸದಲ್ಲಿ’ ಎಂಬ ನಾಲ್ಕೇ ಪದ ಸಾಕು. ಹುದ್ದೆ ಬರೆಯುವುದನ್ನು ಮಾತ್ರ ತಪ್ಪಿಸಬೇಡಿ. ಶುರುವಿನಲ್ಲಿ ಡಿಎಸ್ (ಡಿಟೆಕ್ಟಿವ್ ಸಾರ್ಜೆಂಟ್) ಆಗಿದ್ದ ಸ್ಟೀವ್ ಆರಕ್ಕೆ ಡಿಐ (ಡಿಟೆಕ್ಟಿವ್ ಇನ್‌ಸ್ಪೆಕ್ಟರ್), ಮೊದಲ ಸೀಸನ್ನಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಬಕಲ್ಸ್ ಆರರಲ್ಲಿ ಸೂಪರಿಂಟೆಂಡೆಂಟ್. ಅಷ್ಟು ದಡ್ಡನಂತೆ ಕಾಣುವವನು ಅಷ್ಟು ಮೇಲೆ ಹೋದದ್ದು ಹೇಗೆ ಎಂಬ ಪ್ರಶ್ನೆ ಹಾಳೆಯ ಮೇಲೆ ಒಂದೇ ಸಾಲಿನಲ್ಲಿ ಎದ್ದು ಕಾಣುತ್ತದೆ. ಆರನೇ ಸೀಸನ್ನಿನ ಅಂತ್ಯ ಸಪ್ಪೆ ಎಂದು ಸಿಟ್ಟಾದವರಲ್ಲಿ ಹಲವರು ಈ ಸಾಲನ್ನು ಗಮನಿಸಿರಲಿಲ್ಲ ಎಂದು ನನ್ನ ಭಾವನೆ. ಮಹಾ ಖಳನಾಯಕ ಬೇಕಿತ್ತು ಅವರಿಗೆ, ಸಿಕ್ಕವನು ಅದಕ್ಷತೆಯ ಮರೆಯಲ್ಲಿ ಬಡ್ತಿ ಪಡೆದವನು. ನನಗೆ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಹಾಳೆಯ ಹಿಂಬದಿಗೆ ಸಂಕ್ಷೇಪಗಳು. ಓಸಿಜಿ ಎಂದರೆ ಸಂಘಟಿತ ಅಪರಾಧಿ ಗ್ಯಾಂಗ್, ಯುಸಿಓ ಎಂದರೆ ವೇಷ ಮರೆಸಿ ಒಳಹೊಕ್ಕ ಅಧಿಕಾರಿ, ಎಎಫ್‌ಓ ಎಂದರೆ ಬಂದೂಕು ಹಿಡಿಯಲು ಅನುಮತಿ ಇರುವವರು. ಆರನೇ ಸೀಸನ್ನಿನ ಆರಂಭದಲ್ಲಿ ಬ್ರಿಟಿಷ್ ವೀಕ್ಷಕರೇ ತಲೆ ಕೆರೆದುಕೊಂಡ ‘ಚಿಸ್’ ಎಂದರೆ ಪೊಲೀಸರ ಗುಪ್ತ ಮಾಹಿತಿದಾರ. ಈ ನಾಲ್ಕು ಬಾಯಿಗೆ ಬಂದರೆ ವಿಚಾರಣೆಯ ದೃಶ್ಯದಲ್ಲಿ ಹಿಂದಕ್ಕೆ ಓಡಿಸುವ ಕೆಲಸ ಅರ್ಧ ತಪ್ಪುತ್ತದೆ.

ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಫೋನಿನ ಪರದೆ ಬೇಡ, ಕಡತದ ಅಕ್ಷರ ಓದಲಾಗುವುದಿಲ್ಲ. ಎಪಿಸೋಡಿನ ಮೊದಲು ಬರುವ ‘ಹಿಂದೆ ನಡೆದದ್ದು’ ತುಣುಕನ್ನು ಹಾರಿಸಿಬಿಡಿ. ಅದರಲ್ಲಿ ಯಾವ ಹಳೆಯ ಮುಖ ತೋರಿಸಿದರೋ ಆ ಮುಖ ಇವತ್ತು ಬರುತ್ತದೆ ಎಂದು ಮೊದಲೇ ಗೊತ್ತಾಗಿಬಿಡುತ್ತದೆ. ಏಳನೇ ಸೀಸನ್ನಿಗೂ ಇದೇ ನಿಯಮ. ಹಾಳೆ ಕೈಯಲ್ಲಿದ್ದರೆ ಆ ತುಣುಕಿನ ಅಗತ್ಯವೇ ಇಲ್ಲ.

ಖರ್ಚಿನ ಮಾತು. ಧಾರಾವಾಹಿ ಇರುವ ವೇದಿಕೆಗೆ ತಿಂಗಳ ಲೆಕ್ಕದಲ್ಲಿ ಚಂದಾ ಕಟ್ಟುವವರಾದರೆ, ವಾರಕ್ಕೆ ಐದರಂತೆ 18 ಎಪಿಸೋಡ್ ನಾಲ್ಕು ವಾರದೊಳಗೆ ಮುಗಿದು ಒಂದೇ ಬಿಲ್ಲಿನಲ್ಲಿ ಸಾಗುತ್ತದೆ. ಪೂರ್ತಿ 36ಕ್ಕೆ ಎರಡನೇ ತಿಂಗಳು ಖಂಡಿತ. ನನ್ನಂತೆ ರಾತ್ರಿ ಒಂದೇ ಗಂಟೆ ಬಿಡುವಿರುವ, ನೋಡುವಾಗ ಬೇರೆ ಕೆಲಸ ಮಾಡಲಾಗದ ಜನಕ್ಕೆ ಅರ್ಧದ ಪಟ್ಟಿಯೇ ಸರಿ. ಮೊದಲ ಸಲ ನೋಡುವವರು ಮನೆಯಲ್ಲಿ ಜೊತೆಗಿದ್ದರೆ ಮಾತ್ರ ಈ ಪಟ್ಟಿ ಬಳಸಬೇಡಿ. ಅವರ ಪಕ್ಕ ಕೂತು 36ನ್ನೂ ನೋಡಿ, ರಯಾನ್ ಸಮವಸ್ತ್ರದಲ್ಲಿ ಕಾಣಿಸಿಕೊಳ್ಳುವ ತನಕ ಅವನ ಬಗ್ಗೆ ತುಟಿ ಬಿಚ್ಚಬೇಡಿ.