ಡಿಶೆಡಿಂಗ್ ಬ್ಲೇಡೋ, ರೇಕೋ? ಕೊಡಗಿನ ಮಳೆಗೆ ಯಾವುದು ಸರಿ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಅಥವಾ ಪಾಮ್ ಸಾಕಿದವರು ಸೋಫಾದ ಮೇಲಿನ ಕೂದಲಿಗೆ ಬೇಸತ್ತು ಆನ್‌ಲೈನ್‌ನಲ್ಲಿ ಮೊದಲು ತರಿಸುವುದು ಡಿಶೆಡಿಂಗ್ ಟೂಲನ್ನು, ಅಂದರೆ ಉದುರುವ ಕೂದಲನ್ನು ಎಳೆದು ತೆಗೆಯುವ ಸಾಧನವನ್ನು. ಫರ್ಮಿನೇಟರ್ ಹೆಸರಿನಿಂದ ಜನಪ್ರಿಯವಾದ ಈ ಮಾದರಿ ಈಗ ಹತ್ತಾರು ಹೆಸರುಗಳಲ್ಲಿ ಸಿಗುತ್ತದೆ. ದಪ್ಪನೆಯ ಹಿಡಿ, ತುದಿಯಲ್ಲಿ ಒತ್ತೊತ್ತಾದ ಸಣ್ಣ ಹಲ್ಲುಗಳ ಸ್ಟೀಲ್ ಬ್ಲೇಡ್, ಸಿಕ್ಕಿಕೊಂಡ ಕೂದಲನ್ನು ತಳ್ಳಿಬಿಡಲು ಒಂದು ಗುಂಡಿ. ಹತ್ತು ನಿಮಿಷ ಎಳೆದರೆ ಒಂದು ಚೀಲ ತುಂಬ ಕೂದಲು ಬರುತ್ತದೆ, ನಿಜ. ಆದರೆ ಕೊಡಗಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಇದನ್ನು ಮೊದಲ ಸಾಧನವಾಗಿ ಕೊಳ್ಳಬೇಡಿ. ಮೊದಲು ಅಂಡರ್‌ಕೋಟ್ ರೇಕ್ (ಒಳತುಪ್ಪಳ ಬಾಚುವ ಬಿಡಿಹಲ್ಲಿನ ಸಾಧನ) ಮತ್ತು ಒಂದು ಸ್ಟೀಲ್ ಬಾಚಣಿಗೆ ತನ್ನಿ. ಬ್ಲೇಡ್‌ಗೆ ಕೆಲಸ ಇದೆ, ಆದರೆ ಆಮೇಲೆ, ಅಳತೆಯಲ್ಲಿ.

ಕಾರಣ ನಾಯಿಯ ತುಪ್ಪಳದಲ್ಲೇ ಇದೆ. ಈ ಜಾತಿಗಳಿಗೆ ಎರಡು ಪದರ. ಕೆಳಗೆ ಹತ್ತಿಯಂತಹ ಮೆತ್ತನೆಯ ಒಳತುಪ್ಪಳ, ಮೇಲೆ ಒರಟಾದ, ಉದ್ದನೆಯ, ಮಿರುಗುವ ಕೂದಲು. ಮನೆಯೆಲ್ಲ ಹಾರಾಡುವುದು ಬಹುಪಾಲು ಒಳತುಪ್ಪಳ. ಮೇಲಿನ ಕೂದಲು ನಾಯಿಯ ಕಂಬಳಿ ಕೊಪ್ಪೆ ಇದ್ದಂತೆ. ನೀರು ಚರ್ಮಕ್ಕೆ ಇಳಿಯದಂತೆ ಜಾರಿಸಿಬಿಡುತ್ತದೆ. ಬ್ಲೇಡನ್ನು ಒತ್ತಿ ಎಳೆದರೆ ಒಳಗಿನದರ ಜೊತೆ ಮೇಲಿನದೂ ತುಂಡಾಗುತ್ತದೆ. ಬಿಸಿಲಿನ ಊರಿನಲ್ಲಿ ಇದು ಅಂದಗೇಡು ಅನ್ನಿಸಿ ಮುಗಿಯಬಹುದು. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ತೋಟ ಸುತ್ತುವ ನಾಯಿಗೆ ಅದೇ ಚರ್ಮರೋಗದ ದಾರಿ.

ಬ್ಲೇಡ್ ಏನು ಮಾಡುತ್ತಿದೆ ಎಂದು ತಿಳಿಯುವುದು ಸುಲಭ. ಬಂದ ರಾಶಿಯಿಂದ ಒಂದು ಚಿಟಿಕೆ ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಬಿಡಿಸಿ ಹರಡಿ. ನಾಯಿ ಕಪ್ಪಾದರೆ ಬಿಳಿ ಕಾಗದದ ಮೇಲೆ. ಮೆತ್ತಗೆ, ಸುರುಳಿಯಾಗಿ, ಮಂಕು ಬಣ್ಣದ್ದಿದ್ದರೆ ಅದು ಒಳತುಪ್ಪಳ, ಸರಿಯಾದದ್ದೇ ಬಂದಿದೆ. ನೆಟ್ಟಗೆ, ಒರಟಾಗಿ, ಹೊಳಪಿರುವ ಎಳೆಗಳು ಹೆಚ್ಚಿದ್ದರೆ ಅವುಗಳ ತುದಿ ನೋಡಿ. ತಾನಾಗಿ ಉದುರಿದ ಕೂದಲು ಒಂದು ಕಡೆ ಸಣ್ಣಗೆ ಚೂಪಾಗಿದ್ದು, ಇನ್ನೊಂದು ಕಡೆ ಬೇರಿನ ಪುಟ್ಟ ಗುಬುಟು ಇರುತ್ತದೆ. ಎರಡೂ ತುದಿ ಮೊಂಡಾಗಿದ್ದರೆ, ಅಥವಾ ಬೇರು ಕಾಣದಿದ್ದರೆ, ಬ್ಲೇಡ್ ಕತ್ತರಿಸಿದೆ. ಅಲ್ಲಿಗೆ ನಿಲ್ಲಿಸಿ. ‘ಇನ್ನೂ ಬರುತ್ತಿದೆಯಲ್ಲ’ ಎಂದು ಎಳೆಯುತ್ತಾ ಹೋದರೆ ಕೂದಲು ಬರುತ್ತಲೇ ಇರುತ್ತದೆ, ಆದರೆ ಆಮೇಲೆ ಬರುವುದು ಉದುರಬೇಕಾದ ಕೂದಲಲ್ಲ.

ರೇಕ್‌ನಲ್ಲಿ ಈ ಅಪಾಯ ಬಹಳ ಕಡಿಮೆ. ಅದಕ್ಕೆ ಕತ್ತರಿಸುವ ಅಂಚಿಲ್ಲ, ಬಿಡಿಬಿಡಿಯಾದ ಕಡ್ಡಿ ಹಲ್ಲುಗಳಷ್ಟೇ. ಕೊಳ್ಳುವಾಗ ಹಲ್ಲಿನ ತುದಿಯನ್ನು ಅಂಗೈಗೆ ಒತ್ತಿ ನೋಡಿ, ಚುಚ್ಚಬಾರದು, ದುಂಡಗಿರಬೇಕು. ಹಲ್ಲುಗಳು ಇದ್ದಲ್ಲೇ ತಿರುಗುವ ಮಾದರಿ ಸಿಕ್ಕರೆ ಒಳ್ಳೆಯದು, ಗಂಟಿಗೆ ಸಿಕ್ಕಾಗ ಎಳೆತ ಕಡಿಮೆ. ಲ್ಯಾಬ್ರಡಾರ್‌ಗೆ ಗಿಡ್ಡ ಹಲ್ಲು ಸಾಕು. ಗೋಲ್ಡನ್ ರಿಟ್ರೀವರ್, ಪಾಮ್‌ಗಳಿಗೆ ಹಲ್ಲು ಚರ್ಮದವರೆಗೆ ಮುಟ್ಟುವಷ್ಟು ಉದ್ದವಿರಬೇಕು. ಇಲ್ಲದಿದ್ದರೆ ಮೇಲೆ ನುಣುಪಾಗಿ ಕಾಣುತ್ತದೆ, ಬುಡದಲ್ಲಿ ಜಡೆಗಟ್ಟಿರುತ್ತದೆ. ಬೆಲೆಯೂ ಹೆಸರಾಂತ ಬ್ಲೇಡ್‌ಗಿಂತ ಬಹಳ ಕಡಿಮೆ.

ಬಾಚುವ ಕ್ರಮದಲ್ಲಿ ಹೆಚ್ಚಿನವರು ತಪ್ಪುವುದು ಮೇಲಿಂದ ಕೆಳಕ್ಕೆ ಸುಮ್ಮನೆ ಸವರುವುದರಲ್ಲಿ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿಯಿರಿ, ಬೈತಲೆ ತೆಗೆದಂತೆ ಚರ್ಮದ ಗೆರೆ ಕಾಣಬೇಕು. ಆ ಗೆರೆಯ ಕೆಳಗಿನ ಒಂದು ಅಂಗುಲದಷ್ಟನ್ನೇ ಕೂದಲು ಬೆಳೆದ ದಿಕ್ಕಿಗೆ ಬಾಚಿ, ಆಮೇಲೆ ಎತ್ತಿ ಹಿಡಿದದ್ದರಿಂದ ಇನ್ನೊಂದು ಅಂಗುಲವನ್ನು ಕೆಳಕ್ಕೆ ಬಿಟ್ಟು ಬಾಚಿ. ಹಿಂಗಾಲಿನ ತೊಡೆಯಿಂದ ಶುರುಮಾಡಿ ಮುಂದಕ್ಕೆ ಬಂದರೆ ನಾಯಿ ಗಾಬರಿಯಾಗುವುದಿಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂದಿನ ಜೂಲಿನಲ್ಲಿ, ಕೊರಳಪಟ್ಟಿಯ ಕೆಳಗೆ ಗಂಟುಗಳಿರುತ್ತವೆ. ಅಲ್ಲಿ ರೇಕ್ ಬೇಡ. ಬೆರಳಿನಿಂದ ಬಿಡಿಸಿ, ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವಾಗಿ ಬರಬೇಕು. ಕೊನೆಗೆ ಸ್ಟೀಲ್ ಬಾಚಣಿಗೆಯನ್ನು ಚರ್ಮ ಮುಟ್ಟಿಸಿ ಎಳೆದಾಗ ಎಲ್ಲೂ ತಡೆಯದಿದ್ದರೆ ಕೆಲಸ ಮುಗಿದಂತೆ. ಹೆಚ್ಚು ಉದುರುವ ದಿನಗಳಲ್ಲಿ ವಾರಕ್ಕೆ ಮೂರು ಸಲ, 15 ನಿಮಿಷ. ಉಳಿದಂತೆ ವಾರಕ್ಕೊಮ್ಮೆ ಸಾಕು. ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಹಗಲಿನ ಉದ್ದವೇ ಕೂದಲು ಬದಲಾಗಲು ಮುಖ್ಯ ಸೂಚನೆಯಾದ್ದರಿಂದ ಇಲ್ಲಿ ವರ್ಷವಿಡೀ ಅಷ್ಟಿಷ್ಟು ಉದುರುತ್ತಲೇ ಇರುತ್ತದೆ. ‘ಸೀಸನ್ ಮುಗಿಯಲಿ’ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಇನ್ನು ಬ್ಲೇಡ್. ಡಿಸೆಂಬರ್‌ನಿಂದ ಮೇ ವರೆಗಿನ ಒಣ ದಿನಗಳಲ್ಲಿ, ರೇಕ್ ಆಡಿಸಿದ ಮೇಲೆ, ಪೂರ್ತಿ ಒಣಗಿದ ಮೈಮೇಲೆ, ಹತ್ತು ದಿನಕ್ಕೊಮ್ಮೆ ಬಳಸಿ. ಒಂದೇ ಜಾಗದಲ್ಲಿ ಐದಾರು ಎಳೆತ, ಒಟ್ಟು ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಹಿಡಿಯ ಭಾರವೇ ಸಾಕು, ಕೈಯ ಬಲ ಹಾಕಬಾರದು. ಬೆನ್ನೆಲುಬು, ಸೊಂಟದ ಮೂಳೆ, ಮೊಣಕೈ, ಹೊಟ್ಟೆ, ಮೊಲೆತೊಟ್ಟುಗಳ ಹತ್ತಿರ ಬ್ಲೇಡ್ ಹೋಗಲೇಬಾರದು. ಚರ್ಮ ಕೆಂಪಾಗಿ ಗೀರುಗೀರಾದರೆ ಅದು ಬ್ಲೇಡಿನ ಉಜ್ಜುಗಾಯ. ನಾಯಿ ಅಲ್ಲೇ ನೆಕ್ಕುತ್ತಾ ಕೂತರೆ ಎರಡು ದಿನದಲ್ಲಿ ರಸಿಗೆ ಸುರಿಯುವ ಹುಣ್ಣಾಗಬಹುದು. ತೋಟದಿಂದ ಬಂದ ನಾಯಿಯ ಮೈಯಲ್ಲಿ ಉತ್ತರಾಣಿ ಕಾಳು ಅಂಟಿರುತ್ತದೆ, ಉಣುಗು ಕಚ್ಚಿಕೊಂಡಿರುತ್ತದೆ. ಬ್ಲೇಡ್ ಹಾಕುವ ಮೊದಲು ಕೈಯಾಡಿಸಿ ನೋಡಿ. ಉಣುಗಿನ ಮೇಲೆ ಬ್ಲೇಡ್ ಹಾಯಿಸಿದರೆ ಒಡಲು ಹರಿದು ಬಾಯಿ ಚರ್ಮದಲ್ಲೇ ಉಳಿಯುತ್ತದೆ. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಕೀಳಿ; ಸೀಮೆಎಣ್ಣೆ ಹಚ್ಚುವುದು ಬೇಡವೇ ಬೇಡ.

ಮಳೆಗಾಲದಲ್ಲಿ ಬಾಚುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಒಳತುಪ್ಪಳ ಒದ್ದೆಯಾಗಿ ಗಂಟೆಗಟ್ಟಲೆ ಉಳಿದರೆ ಗಂಟು, ವಾಸನೆ, ಶಿಲೀಂಧ್ರ, ಹಾಟ್ ಸ್ಪಾಟ್ (ರಸಿಗೆ ಸುರಿಯುವ ಹುಣ್ಣು) ಒಂದರ ಹಿಂದೊಂದು ಬರುತ್ತವೆ. ಒಲೆಯ ಪಕ್ಕ, ಅಗ್ಗಿಷ್ಟಿಕೆಯ ಮುಂದೆ ಮಲಗಿಸಿದರೆ ಮೇಲಿನ ಕೂದಲು ಒಣಗುತ್ತದೆ, ಬುಡ ಹಸಿಯಾಗಿಯೇ ಇರುತ್ತದೆ. ಬೆರಳು ಬುಡಕ್ಕೆ ಇಳಿಸಿ ತಣ್ಣಗಿದೆಯೇ ನೋಡಿದರೆ ಗೊತ್ತಾಗುತ್ತದೆ. ಎರಡು ದಪ್ಪ ಟವೆಲ್ ಇಟ್ಟುಕೊಳ್ಳಿ, ಉಜ್ಜದೆ ಒತ್ತಿ ನೀರು ಹೀರಿಸಿ, ಆಮೇಲೆ ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ಅರ್ಧ ಅಡಿಗಿಂತ ದೂರ ಹಿಡಿದು ಕೂದಲನ್ನು ಬಿಡಿಸುತ್ತಾ ಒಣಗಿಸಿ. ಒದ್ದೆ ಮೈಗೆ ರೇಕ್ ಆಗಲಿ ಬ್ಲೇಡ್ ಆಗಲಿ ಹಾಕಬೇಡಿ. ಸ್ನಾನ ತಿಂಗಳಿಗೊಮ್ಮೆ ಸಾಕು, ಅದೂ ಗಂಟು ಬಿಡಿಸಿದ ಮೇಲೆ. ನೀರು ಬಿದ್ದ ಗಂಟು ಒಣಗುವಾಗ ಬಿಗಿಯಾಗುತ್ತದೆ. ನಾಯಿಯ ಶಾಂಪೂವನ್ನೇ ಬಳಸಿ, ಮನುಷ್ಯರದು ಅದರ ಚರ್ಮಕ್ಕೆ ಒಗ್ಗದು. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಈ ತಾಪತ್ರಯ ಅಷ್ಟಿಲ್ಲ.

ಬ್ಲೇಡಿನ ಮೇಲೆ ನಮಗಿರುವ ಇನ್ನೊಂದು ದೂರು ತುಕ್ಕು. ಬ್ಲೇಡ್ ಸ್ಟೇನ್‌ಲೆಸ್ ಆದರೂ ಗುಂಡಿಯ ಕೆಳಗಿನ ಸ್ಪ್ರಿಂಗ್, ಸ್ಕ್ರೂಗಳು ಅಗ್ಗದ ಮಾದರಿಗಳಲ್ಲಿ ಹಾಗಿರುವುದಿಲ್ಲ. ಒಂದು ಮಳೆಗಾಲ ಬಚ್ಚಲುಮನೆಯಲ್ಲಿ ಬಿಟ್ಟರೆ ಗುಂಡಿ ಸಿಕ್ಕಿಹಾಕಿಕೊಳ್ಳುತ್ತದೆ. ಬಳಸಿದ ಮೇಲೆ ಹಳೆ ಟೂತ್‌ಬ್ರಷ್‌ನಿಂದ ಕೂದಲು, ಹೊಟ್ಟು ತೆಗೆದು, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸವರಿ ಒರೆಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ತೆಂಗಿನೆಣ್ಣೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಹೊಟ್ಟನ್ನೆಲ್ಲ ಹಿಡಿದುಕೊಳ್ಳುತ್ತದೆ. ಬಳಸುವ ಮೊದಲು ಹಳೆ ನೈಲಾನ್ ಕಾಲುಚೀಲದ ಮೇಲೆ ಹಗುರವಾಗಿ ಎಳೆಯಿರಿ. ದಾರ ಕಿತ್ತುಬಂದರೆ ಹಲ್ಲು ಮುಕ್ಕಾಗಿದೆ, ಎಸೆಯಿರಿ.

ಶಿಟ್ಜು, ಪೂಡಲ್‌ಗಳಿಗೆ ಬ್ಲೇಡ್ ಯಾವತ್ತೂ ಬೇಡ. ನಾಟಿ ನಾಯಿಗೆ, ಮುಧೋಳಕ್ಕೆ, ಗಿಡ್ಡ ಕೂದಲಿನ ಬೆಕ್ಕಿಗೆ ಅಂಗೈಯಗಲದ ರಬ್ಬರ್ ಬ್ರಷ್ ಸಾಕು, ಐದು ನಿಮಿಷದ ಕೆಲಸ. ಬೇಸಿಗೆ ಬಂತೆಂದು ಲ್ಯಾಬ್ರಡಾರ್ ಅನ್ನು ಮೆಷಿನ್ ಹಾಕಿ ಬೋಳಿಸುವುದೂ ತಪ್ಪು. ಒಳತುಪ್ಪಳ ಮೊದಲು ಬೆಳೆದು ಮೇಲಿನ ಕೂದಲು ಹಿಂದುಳಿಯುತ್ತದೆ, ಕೆಲವಕ್ಕೆ ತಿಂಗಳುಗಟ್ಟಲೆ ಸರಿಹೋಗುವುದಿಲ್ಲ. ಕೂದಲು ದುಂಡಗಿನ ತೇಪೆಯಾಗಿ ಉದುರುತ್ತಿದ್ದರೆ, ಎರಡೂ ಪಕ್ಕೆಯಲ್ಲಿ ಒಂದೇ ರೀತಿ ಬೋಳಾಗುತ್ತಿದ್ದರೆ, ತುರಿಕೆ ನಿಲ್ಲದಿದ್ದರೆ ಅದು ಬ್ರಷ್‌ನಿಂದ ಸರಿಹೋಗುವ ವಿಷಯವಲ್ಲ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಬ್ಲೇಡ್ ಕೊಳ್ಳಲೇಬೇಕೆಂದಿದ್ದರೆ ಅಳತೆ ನೋಡಿ. ಎರಡು ಅಂಗುಲಕ್ಕಿಂತ ಉದ್ದದ ಕೂದಲಿಗೆ ಲಾಂಗ್ ಹೇರ್, ಅದಕ್ಕಿಂತ ಗಿಡ್ಡಕ್ಕೆ ಶಾರ್ಟ್ ಹೇರ್ ಎಂದು ಬೇರೆಬೇರೆ ಇರುತ್ತವೆ. ಅಗಲ ನಾಯಿಯ ತೂಕಕ್ಕೆ ತಕ್ಕಂತೆ. ಬಾಚುವುದು ಮನೆಯ ಹೊರಗಿರಲಿ, ಆದರೆ ಕೊಯ್ಲಿನ ದಿನಗಳಲ್ಲಿ ಕಾಫಿ ಒಣಹಾಕಿದ ಕಣದಿಂದ ದೂರ, ಗಾಳಿ ಕಣದ ಕಡೆಗೆ ಬೀಸದ ಜಾಗದಲ್ಲಿ. ಹಗುರವಾದ ಒಳತುಪ್ಪಳ ಹಾರಿ ಹಣ್ಣಿನ ಅಂಟಿಗೆ ಹತ್ತಿತೆಂದರೆ ಬಿಡಿಸಲು ಆಗುವುದಿಲ್ಲ.