ದೀಪಾವಳಿಗೆ ಮಕ್ಕಳಿಗೆ ಮ್ಯಾಚಿಂಗ್ ಬಟ್ಟೆ ತರಿಸುವವರು ದಯವಿಟ್ಟು ಓದಿ

ಹೋದ ದೀಪಾವಳಿಗೆ ಮನೆಮಂದಿಯೆಲ್ಲ ಒಂದೇ ಬಣ್ಣ ಉಟ್ಟು ಫೋಟೊ ತೆಗೆಸಬೇಕೆಂದು ನನಗೆ ಬಹಳ ಆಸೆ. ಇನ್‌ಸ್ಟಾಗ್ರಾಮಿನ ಒಂದು ಪೇಜಿನಲ್ಲಿ ನನಗೆ ಸೀರೆ, ಮಗಳಿಗೆ ಅದೇ ಅಂಚಿನ ಲಂಗ, ಯಜಮಾನರಿಗೂ ಮಗನಿಗೂ ಕುರ್ತಾ ಹಿಡಿಸಿದವು. 'ಕಾಟನ್ ಸಿಲ್ಕ್' ಎಂದಿದ್ದರು. 6,800 ರೂಪಾಯಿ ಮೊದಲೇ ಕಳಿಸಿದೆ.

ಪಾರ್ಸೆಲ್ ಕೈಗೆ ಬಂದದ್ದು ನೀರು ತುಂಬುವ ಹಬ್ಬದ ಸಂಜೆ. ವಯಸ್ಸು ಹೇಳಿ ತರಿಸಿದ ಕುರ್ತಾ ಮಗನ ತಲೆಯಿಂದ ಕೆಳಗಿಳಿಯಲೇ ಇಲ್ಲ. ಲಂಗವೇನೋ ಸರಿಹೋಯಿತು, ಆದರೆ ಒಳಗೆ ಲೈನಿಂಗ್ ಇರಲಿಲ್ಲ. ಜರಿಯ ತುದಿಗಳು, ಲಂಗ ಉಬ್ಬಿ ನಿಲ್ಲಲೆಂದು ಒಳಗೆ ಹಾಕುವ ಒರಟು ಕ್ಯಾನ್‌ಕ್ಯಾನ್ ನೆಟ್ ನೇರ ಮೈಗೇ ತಾಗುತ್ತಿದ್ದವು. ಹಿರಿಯರಿಗೆ ಎಡೆ ಇಡುವಷ್ಟರಲ್ಲಿ ಮಗಳ ಸೊಂಟದ ಸುತ್ತ ಕೆಂಪು ಬರೆ. "ಮೊದ್ಲು ಅದನ್ನ ತೆಗಿಯಮ್ಮ, ಮಗು ಒದ್ದಾಡ್ತೈತೆ" ಅಂದರು ಅತ್ತೆ. ಒಂದು ಫೋಟೊ ಆಗಲಿ ಅಂತ ನಾನೇ ತಡೆದೆ. ಅದು ನನ್ನ ತಪ್ಪು.

ಅಷ್ಟರಲ್ಲಿ ಅಂಗಳದಲ್ಲಿ ಪಕ್ಕದ ಹುಡುಗನ ಸುರ್‌ಸುರ್ ಬತ್ತಿಯ ಕಿಡಿ ಲಂಗದ ಅಂಚಿಗೆ ಹಾರಿತು. ನೆಟ್ ಕರಗಿ ಕಪ್ಪಗೆ ಮುದುರಿಕೊಂಡಿತು. ಯಜಮಾನರು ಕೈಯಿಂದಲೇ ಹೊಸಕಿ ಆರಿಸಿದರು. ಅವರ ಬೆರಳಿಗೆ ಬೊಬ್ಬೆ ಬಂತು, ಮಗಳಿಗೆ ಏನೂ ಆಗಲಿಲ್ಲ. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟಿಬಿಡುತ್ತವೆ, ಅದೇ ದೊಡ್ಡ ಅಪಾಯ. ಹಾಗಾದರೆ ಅಂಟಿದ ಬಟ್ಟೆಯನ್ನು ಕೀಳಬೇಡಿ, ಪೇಸ್ಟು ಐಸು ಹಚ್ಚಬೇಡಿ. 20 ನಿಮಿಷ ನಲ್ಲಿ ನೀರು ಬಿಟ್ಟು, ಆಸ್ಪತ್ರೆಗೆ ಹೋಗಿ.

ಬಟ್ಟೆ ಬಂದ ದಿನವೇ ಒಳಹೊಲಿಗೆಯಿಂದ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನಾನು ಸುಟ್ಟಾಗ ಮಣಿಯೇ ಬಂತು.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲೇ ಇದ್ದು ಇಂಥದಕ್ಕೆ ದುಡ್ಡು ಹಾಕಿದೆನಲ್ಲ ಎಂಬ ಸಂಕಟ ಇನ್ನೂ ಇದೆ. ಈ ಸಲ ಚೌಕಿಪೇಟೆಯಲ್ಲಿ ಕೈಯಾರೆ ಮುಟ್ಟಿ ನೋಡಿ ಹತ್ತಿ ಬಟ್ಟೆ ತಂದು, ಮಕ್ಕಳನ್ನೇ ಟೈಲರ್ ಹತ್ತಿರ ಕರೆದೊಯ್ದು ಅಳತೆ ಕೊಡಿಸಿದ್ದೇನೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಆ ಪೇಜಿನವರು ನನ್ನನ್ನು ಬ್ಲಾಕ್ ಮಾಡಿದರು. ನಿಮಗೂ ಹೀಗಾದರೆ ಚಾಟ್, ಪೇಮೆಂಟಿನ ಸ್ಕ್ರೀನ್‌ಶಾಟ್ ಜೋಪಾನವಾಗಿ ಇಟ್ಟುಕೊಂಡು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.